ನೀಲಿ ನೀರು ಬೇಡ, ಕೆಂಪು ನೀರು ತೋರಿಸಿ

ಪ್ರಶ್ನೆ: ನಾನು ಸಿವಿಲ್ ಎಂಜಿನಿಯರ್, ಕೊಡಗಿನ ನಾಪೋಕ್ಲು ಕಡೆಯವನು. ಕಾವೇರಿಯಿಂದ ನೀರೆತ್ತಿ ಶುದ್ಧ ಮಾಡುವ ಒಂದು ಸಣ್ಣ ಘಟಕದ ವಿನ್ಯಾಸದಲ್ಲಿ ಕೆಲಸ ಮಾಡುತ್ತಿದ್ದೇನೆ. ದಿನಕ್ಕೆ 10 ಲಕ್ಷ ಲೀಟರ್, ಅಂದರೆ 1 ಎಂಎಲ್‌ಡಿ. ಗ್ರಾಮಸಭೆಯಲ್ಲಿ ನಕ್ಷೆ ಬಿಚ್ಚಿ ಅರ್ಧ ಗಂಟೆ ವಿವರಿಸಿದೆವು, ಯಾರಿಗೂ ತಲೆಗೆ ಹೋಗಲಿಲ್ಲ. ಈಗ ಎಲ್ಲರೂ 3ಡಿ ಅನಿಮೇಶನ್ ಮಾಡಿಸಿ ಅನ್ನುತ್ತಿದ್ದಾರೆ. ಅದರಿಂದ ನಿಜವಾಗಿ ಪ್ರಯೋಜನ ಇದೆಯಾ, ಇಲ್ಲ ಸುಮ್ನೆ ಶೋಕಿಯಾ? ಮಾಡುವುದಾದರೆ ಏನು ತೋರಿಸಬೇಕು? ನಾನೇ ಮಾಡಬಹುದಾ? ಧ್ವನಿ ಯಾವ ಭಾಷೆಯಲ್ಲಿರಲಿ?

ಉತ್ತರ:

ಪ್ರಯೋಜನ ಇದೆ. ಆದರೆ ನಾನು ನೋಡಿದ ಅನಿಮೇಶನ್‌ಗಳಲ್ಲಿ ಮುಕ್ಕಾಲು ಪಾಲು ಶೋಕಿಯವೇ. ಕ್ಯಾಮೆರಾ ಹದ್ದಿನ ಹಾಗೆ ಮೇಲಿಂದ ಇಳಿಯುತ್ತದೆ. ಹುಲ್ಲುಹಾಸು, ಹೂಗಿಡ, ಗೇಟಿನ ಮುಂದೆ ಒಂದು ಬಿಳಿ ಕಾರು, ಹಿಂದೆ ಕೊಳಲಿನ ದನಿ. ಮೂರು ನಿಮಿಷದಲ್ಲಿ ಕಟ್ಟಡಗಳ ಪರಿಚಯ ಮುಗಿಯುತ್ತದೆ, ನೀರಿನ ಕಥೆ ಶುರುವೇ ಆಗಿರುವುದಿಲ್ಲ. ಜನ ಚಪ್ಪಾಳೆ ತಟ್ಟಿ, ಕಾಫಿ ಕುಡಿದು ಮನೆಗೆ ಹೋಗುತ್ತಾರೆ. ನಿಮ್ಮ ಕ್ಯಾಮೆರಾ ಕಟ್ಟಡದ ಸುತ್ತ ತಿರುಗುವುದು ಬಿಟ್ಟು ನೀರಿನ ಬೆನ್ನು ಹತ್ತಿದರೆ ಮಾತ್ರ ಕೊಟ್ಟ ದುಡ್ಡು ದಕ್ಕುತ್ತದೆ.

ನಾನೇ ತಿಂದ ಒಂದು ಪೆಟ್ಟು ಹೇಳುತ್ತೇನೆ. ಕೆಲವು ವರ್ಷಗಳ ಹಿಂದೆ ಒಂದು ಬೆಟ್ಟದೂರಿನ ಘಟಕಕ್ಕೆ ನಾವು ಹೊರಗಿನವರಿಂದ ಅನಿಮೇಶನ್ ಮಾಡಿಸಿದ್ದೆವು. ಸಭೆಯಲ್ಲಿ ಪರದೆ ಮೇಲೆ ಹೊಳೆ ಬಂತು. ಈಜುಕೊಳದ ನೀಲಿ! ಮುಂದಿನ ಸಾಲಲ್ಲಿ ಕೂತಿದ್ದ ಹಿರಿಯ ಬೆಳೆಗಾರರೊಬ್ಬರು, ‘ಇದು ಯಾವ ಊರಿನ ಹೊಳೆ ಮಾರಾಯ್ರೆ? ಕಕ್ಕಡದಲ್ಲಿ ನಮ್ಮ ಹೊಳೆ ನೋಡಿದ್ದೀರಾ?’ ಅಂದರು. ಕಕ್ಕಡ ಅಂದರೆ ಜೋರು ಮಳೆಯ ತಿಂಗಳು, ಆಗ ಹೊಳೆಯಲ್ಲಿ ಕೆಂಪು ಮಣ್ಣಿನ ನೀರು. ಸಭೆ ನಕ್ಕಿತು. ಅದು ಹೋಗಲಿ ಅಂದರೆ, ಮುಂದೆ ಫಿಲ್ಟರ್‌ನಲ್ಲಿ ನೀರು ಕೆಳಗಿಂದ ಮೇಲಕ್ಕೆ ಹೋಗುತ್ತಿತ್ತು. ಮರಳಿನ ಫಿಲ್ಟರ್‌ನಲ್ಲಿ ಶುದ್ಧವಾಗುವ ನೀರು ಇಳಿಯಬೇಕು, ತೊಳೆಯುವಾಗ ಮಾತ್ರ ಏರಬೇಕು. ಅನಿಮೇಶನ್‌ಗೆ ಒಪ್ಪಿಗೆ ಕೊಟ್ಟವನು ನಾನೇ. ಕಾರಿನ ನೆರಳು ಸರಿಯಾಗಿದೆಯಾ ಅಂತ ನೋಡಿದ್ದೆ, ಬಾಣದ ಗುರುತು ನೋಡಿರಲಿಲ್ಲ.

ಹಾಗಾಗಿ ಮೊದಲ ಮಾತು ಬಣ್ಣದ್ದು. ನಿಮ್ಮ ಹೊಳೆಗೆ ಜುಲೈ, ಆಗಸ್ಟಿನಲ್ಲಿ ಇರುವ ಬಣ್ಣ ಕೊಡಿ. ಸೇತುವೆ ಮೇಲೆ ನಿಂತು ಒಂದು ಬಾಟಲಿ ನೀರು ತುಂಬಿ, ಬಿಳಿ ಹಾಳೆ ಮುಂದೆ ಇಟ್ಟು ಫೋಟೋ ತೆಗೆದು, ಅದೇ ಬಣ್ಣ ಮಾದರಿಯಲ್ಲಿ ಹಾಕಿ. ಈ ಘಟಕ ಯಾಕೆ ಬೇಕು ಅನ್ನುವ ಪ್ರಶ್ನೆಗೆ ಅರ್ಧ ಉತ್ತರ ಆ ಬಣ್ಣದಲ್ಲೇ ಇದೆ. ಬೇಸಿಗೆಯ ತಿಳಿನೀರು ತೋರಿಸಿದರೆ ‘ಇದಕ್ಯಾಕೆ ಇಷ್ಟು ದೊಡ್ಡ ಟ್ಯಾಂಕು, ಬ್ಲೀಚಿಂಗ್ ಪೌಡರ್ ಹಾಕಿದರೆ ಸಾಲದಾ’ ಅಂತ ಕೇಳುತ್ತಾರೆ. ಕೇಳುವುದು ನ್ಯಾಯವೇ.

ಎರಡನೇ ಮಾತು, ಕಣ್ಣಿಗೆ ಕಾಣದ್ದನ್ನು ತೋರಿಸಿ. ಕಟ್ಟಡ ಕಟ್ಟಿದ ಮೇಲೆ ಹೇಗೂ ಕಾಣುತ್ತದೆ. ಕೆಂಪು ನೀರಿನಲ್ಲಿರುವ ಜೇಡಿಯ ಕಣ ಮಾತ್ರ ಯಾವತ್ತೂ ಕಾಣುವುದಿಲ್ಲ. ಒಂದು ಲೆಕ್ಕ ನೋಡಿ. ಮಿಲಿಮೀಟರಿನ ಹತ್ತನೇ ಒಂದು ಭಾಗದಷ್ಟಿರುವ ಮರಳಿನ ಕಣ ನಿಂತ ನೀರಿನಲ್ಲಿ 1 ಮೀಟರ್ ಇಳಿಯಲು ಸುಮಾರು 2 ನಿಮಿಷ ಸಾಕು. ಮಿಲಿಮೀಟರಿನ ಸಾವಿರದ ಒಂದು ಭಾಗದ ಜೇಡಿಕಣಕ್ಕೆ ಅದೇ 1 ಮೀಟರ್ ಇಳಿಯಲು ಹತ್ತು ದಿನಕ್ಕೂ ಜಾಸ್ತಿ ಬೇಕು. ಅದೂ ನೀರು ಒಂಚೂರೂ ಅಲ್ಲಾಡದೆ ಇದ್ದರೆ. ಜೊತೆಗೆ ಈ ಕಣಗಳ ಮೈಮೇಲೆ ಋಣ ವಿದ್ಯುತ್ ಇರುತ್ತದೆ. ಒಂದನ್ನೊಂದು ದೂಡುತ್ತವೆ, ಹತ್ತಿರ ಸೇರುವುದಿಲ್ಲ. ಆಲಂ, ಅಂದರೆ ಪಟಿಕದಂಥ ಲವಣ, ಹಾಕುವುದು ಇದಕ್ಕೇ. ಆ ದೂಡಾಟ ನಿಂತು ಕಣಗಳು ಒಂದಕ್ಕೊಂದು ಅಂಟಿಕೊಳ್ಳುತ್ತವೆ, ಗಂಟು ಕಟ್ಟುತ್ತವೆ, ಭಾರವಾಗಿ ತಳ ಸೇರುತ್ತವೆ. ಹಿಂದೆ ಮನೆಗಳಲ್ಲಿ ಕೊಡದ ನೀರಿಗೆ ಪಟಿಕದ ತುಂಡು ತಿರುಗಿಸುತ್ತಿದ್ದರಲ್ಲ, ಅದೇ ವಿದ್ಯೆ. ಇಲ್ಲಿ 40 ಸೆಕೆಂಡು ನಿಧಾನಿಸಿ. ಅನಿಮೇಶನ್‌ಗೆ ಇದಕ್ಕಿಂತ ಒಳ್ಳೆ ಜಾಗ ಇಡೀ ಘಟಕದಲ್ಲಿ ಇಲ್ಲ. ಕಣವನ್ನು ಸಾವಿರಾರು ಪಟ್ಟು ದೊಡ್ಡದಾಗಿ ತೋರಿಸುವಾಗ, ದೊಡ್ಡದಾಗಿ ತೋರಿಸಿದೆ ಅಂತ ಪರದೆ ಮೇಲೇ ಬರೆಯಿರಿ. ಇಲ್ಲದಿದ್ದರೆ ನೀರಿನಲ್ಲಿ ಗೋಲಿ ಗಾತ್ರದ ಕಲ್ಲುಗಳಿವೆ ಅಂದುಕೊಂಡು ಹೋಗುವವರೂ ಇರುತ್ತಾರೆ.

ಇಷ್ಟು ಹೇಳಿ ಒಂದು ಉಲ್ಟಾ ಸಲಹೆ. ಆ ದೃಶ್ಯ ಮುಗಿದ ತಕ್ಷಣ ಲ್ಯಾಪ್‌ಟಾಪ್ ನಿಲ್ಲಿಸಿ, ನಿಜವಾದ ಗಾಜಿನ ಜಾಡಿ ಮೇಜಿನ ಮೇಲಿಡಿ. ಪ್ರಯೋಗಾಲಯದಲ್ಲಿ ಇದನ್ನು ಜಾರ್ ಟೆಸ್ಟ್ ಅನ್ನುತ್ತೇವೆ. ಆರು ಬೀಕರ್, ಆರರಲ್ಲೂ ಅದೇ ಹೊಳೆಯ ನೀರು, ಒಂದೊಂದಕ್ಕೂ ಬೇರೆ ಬೇರೆ ಪ್ರಮಾಣದ ಆಲಂ. ಒಂದು ನಿಮಿಷ ಜೋರಾಗಿ, ಆಮೇಲೆ ಕಾಲು ಗಂಟೆ ಮೆಲ್ಲಗೆ ತಿರುಗಿಸುತ್ತೇವೆ. ಮೊದಲ ಕೆಲವು ನಿಮಿಷ ಏನೂ ಆಗುವುದಿಲ್ಲ. ನೋಡುವವರಿಗೆ ಬೇಜಾರು ಬರುವ ಹೊತ್ತಿಗೆ ಒಂದು ಬೀಕರಿನಲ್ಲಿ ಸೂಜಿಮೊನೆಯಷ್ಟು ಚುಕ್ಕೆಗಳು ಏಳುತ್ತವೆ. ಹಾಲು ಒಡೆಯಲು ಶುರುವಾದ ಹಾಗೆ. ಚುಕ್ಕೆ ಹಿಂಜಿದ ಹತ್ತಿಯ ಹಾಗೆ ಹಿಗ್ಗುತ್ತದೆ. ತಿರುಗುವುದು ನಿಲ್ಲಿಸಿದ ಕೂಡಲೇ ಮಂಜು ಇಳಿದ ಹಾಗೆ ಇಳಿಯುತ್ತದೆ, ಮೇಲಿಂದ ನೀರು ತಿಳಿಯಾಗುತ್ತಾ ಬರುತ್ತದೆ. ಸಭೆಗೆ ಆರು ಬೇಡ, ಎರಡು ಜಾಡಿ ಸಾಕು. ಒಂದಕ್ಕೆ ಆಲಂ ಹಾಕಿ, ಒಂದಕ್ಕೆ ಹಾಕಬೇಡಿ. ಪರದೆ ಮೇಲೆ ನೋಡಿದ್ದು ಕಣ್ಣೆದುರು ನಡೆದರೆ ಆಮೇಲೆ ನೀವು ಹೇಳುವುದನ್ನೆಲ್ಲ ಜನ ನಂಬುತ್ತಾರೆ. ಸಭೆಗೆ ಮುಂಚೆ ನೀವೊಮ್ಮೆ ಅದೇ ನೀರಿನಲ್ಲಿ ಮಾಡಿ ಪ್ರಮಾಣ ಗೊತ್ತು ಮಾಡಿಕೊಂಡಿರಿ. ಎದುರಲ್ಲಿ ಎಡವಿದರೆ ಮಾನ ಹೋಗುತ್ತದೆ.

ಈ ಪರೀಕ್ಷೆಯಲ್ಲಿ ನಿಮ್ಮ ಕಡೆಯ ಇನ್ನೊಂದು ಗುಟ್ಟೂ ಹೊರಬರುತ್ತದೆ. ಬೆಟ್ಟದ ಹೊಳೆಯ ಮಳೆನೀರು ಮೆದು, ಅದರಲ್ಲಿ ಕ್ಷಾರದ ಅಂಶ ಕಡಿಮೆ. ಆಲಂ ಕೆಲಸ ಮಾಡಲು ಆ ಕ್ಷಾರವನ್ನೇ ತಿನ್ನುತ್ತದೆ. ಲೀಟರಿಗೆ 40 ಮಿಲಿಗ್ರಾಂ ಆಲಂ ಹಾಕಿದರೆ ಸುಮಾರು 20 ಮಿಲಿಗ್ರಾಂ ಕ್ಷಾರ ಖರ್ಚು. ಅಷ್ಟು ಇಲ್ಲದಿದ್ದರೆ ನೀರು ಹುಳಿಯಾಗುತ್ತದೆ, ಗಂಟು ಕಟ್ಟುವುದಿಲ್ಲ. ಆಪರೇಟರ್ ಗಾಬರಿಯಾಗಿ ಇನ್ನಷ್ಟು ಆಲಂ ಸುರಿಯುತ್ತಾನೆ, ಇನ್ನೂ ಕೆಡುತ್ತದೆ. ಅದಕ್ಕೆ ಸುಣ್ಣದ ತೊಟ್ಟಿ ಬೇಕು. ನಿಮ್ಮ ನಕ್ಷೆಯಲ್ಲಿ ಅದು ಇದೆ ತಾನೇ?

ಇನ್ನು ಹೊತ್ತಿನ ವಿಷಯ. ಅನಿಮೇಶನ್ ಅತಿ ಹೆಚ್ಚು ಸುಳ್ಳು ಹೇಳುವುದು ಇಲ್ಲೇ. ಆಲಂ ಬೆರೆಸುವ ಕೆಲಸ 30ರಿಂದ 60 ಸೆಕೆಂಡಿನದು. ಮೆಲ್ಲಗೆ ಕಲಕಿ ಗಂಟು ಬೆಳೆಸಲು 20, 30 ನಿಮಿಷ. ತಿಳಿಯಾಗಿಸುವ ಟ್ಯಾಂಕಿನಲ್ಲಿ 2ರಿಂದ 2.5 ಗಂಟೆ. ಕ್ಲೋರಿನ್ ಹಾಕಿದ ಮೇಲೆ ಕನಿಷ್ಠ ಅರ್ಧ ಗಂಟೆ ನಿಲ್ಲಬೇಕು. ಹೊಳೆಯಿಂದ ಬಂದ ನೀರು ಘಟಕ ದಾಟಲು ಹತ್ತಿರ ಹತ್ತಿರ 4 ಗಂಟೆ ಹಿಡಿಯುತ್ತದೆ. ಇದನ್ನೆಲ್ಲ ಮೂರು ನಿಮಿಷಕ್ಕೆ ಹಿಂಡಿದರೆ ನೋಡುವವನಿಗೆ ಮಿಕ್ಸಿಯಲ್ಲಿ ಚಟ್ನಿ ರುಬ್ಬಿದ ಹಾಗೆ ಕಾಣುತ್ತದೆ. ಅಷ್ಟು ದೊಡ್ಡ ಟ್ಯಾಂಕ್ ಯಾಕೆ ಅಂತ ಅರ್ಥವೇ ಆಗುವುದಿಲ್ಲ. ಪರದೆಯ ಮೂಲೆಯಲ್ಲಿ ಒಂದು ಗೋಡೆ ಗಡಿಯಾರ ಹಾಕಿ. ನೀರು ಬೆಳಿಗ್ಗೆ 6ಕ್ಕೆ ಒಳಗೆ ಬರಲಿ, ಮುಳ್ಳು ತಿರುಗಲಿ, 10ರ ಹೊತ್ತಿಗೆ ಹೊರಗೆ ಹೋಗಲಿ. ಗಡಿಯಾರ ಎಲ್ಲರಿಗೂ ಓದಲು ಬರುತ್ತದೆ ಅಲ್ವಾ?

ಗಾತ್ರವೂ ಹಾಗೆಯೇ. 1 ಎಂಎಲ್‌ಡಿ ಅಂದರೆ ಗಂಟೆಗೆ ಸುಮಾರು 42 ಘನ ಮೀಟರ್. ಒಂದು ಚದರ ಮೀಟರಿಗೆ ದಿನಕ್ಕೆ 30 ಘನ ಮೀಟರ್ ಲೆಕ್ಕ ಹಿಡಿದರೆ ತಿಳಿಯಾಗಿಸುವ ಟ್ಯಾಂಕಿಗೆ 33 ಚದರ ಮೀಟರ್ ಬೇಕು, ಅಂದರೆ ಆರೂವರೆ ಮೀಟರ್ ಅಡ್ಡಗಲದ ದುಂಡು ಟ್ಯಾಂಕು. ಫಿಲ್ಟರ್ ಗಂಟೆಗೆ 5 ಮೀಟರಿನಂತೆ ಸೋಸಿದರೆ ಸುಮಾರು ಎಂಟೂವರೆ ಚದರ ಮೀಟರ್ ಸಾಕು, ಅದನ್ನು ಎರಡು ಮರಳಿನ ಬೆಡ್ ಮಾಡುತ್ತೀರಿ. ಈ ಅಂಕಿಗಳನ್ನು ಸಭೆಯಲ್ಲಿ ಓದಬೇಡಿ. ಟ್ಯಾಂಕಿನ ಪಕ್ಕ ಒಬ್ಬ ಮನುಷ್ಯನನ್ನು ನಿಲ್ಲಿಸಿ, ಒಂದು ಜೀಪು ನಿಲ್ಲಿಸಿ. ಕಾಫಿ ಒಣಗಿಸುವ ಕಣದ ಅಳತೆ ನಿಮ್ಮವರಿಗೆ ಬಾಯಿಪಾಠ. ಟ್ಯಾಂಕಿನ ಪಕ್ಕ ಒಂದು ಕಣ ಬಿಡಿಸಿ ತೋರಿಸಿದರೂ ಆದೀತು.

ಎತ್ತರದ ವಿಷಯಕ್ಕೆ ಬರೋಣ. ಎಂಜಿನಿಯರುಗಳು ತೋರಿಸಲು ಮರೆಯುವುದು ಇದನ್ನೇ, ಜನಕ್ಕೆ ಬೇಗ ಹತ್ತುವುದೂ ಇದೇ. ಘಟಕವನ್ನು ಕೇಕ್ ಕತ್ತರಿಸಿದ ಹಾಗೆ ಉದ್ದಕ್ಕೆ ಸೀಳಿ, ಪಕ್ಕದಿಂದ ತೋರಿಸಿ. ಮೊದಲ ತೊಟ್ಟಿಯ ನೀರಿನ ಮಟ್ಟ ಎಲ್ಲಕ್ಕಿಂತ ಮೇಲೆ, ಮುಂದಿನದು ಒಂಚೂರು ಕೆಳಗೆ, ಫಿಲ್ಟರ್ ದಾಟುವಾಗ ದೊಡ್ಡ ಇಳಿತ. ಬೆಡ್ ಕಟ್ಟಿಕೊಳ್ಳುತ್ತಾ ಬಂದಾಗ ಅಲ್ಲಿ 2 ಮೀಟರಿನಷ್ಟು ಮಟ್ಟ ಖರ್ಚಾಗುತ್ತದೆ. ಕೊನೆಗೆ ಶುದ್ಧ ನೀರಿನ ತೊಟ್ಟಿ. ಮೇಲಿನ ಗದ್ದೆಯ ನೀರು ಕೆಳಗಿನ ಗದ್ದೆಗೆ ಇಳಿಯುವ ಹಾಗೆ ಅಂದರೆ ಸಾಕು, ಕೊಡಗಿನಲ್ಲಿ ಬೇರೆ ವಿವರಣೆ ಬೇಕಿಲ್ಲ. ಹೊಳೆಯಿಂದ ಒಮ್ಮೆ ಪಂಪ್ ಮಾಡಿ ಮೇಲೆ ಹಾಕಿದ ಮೇಲೆ ಒಳಗಡೆ ನೀರು ತಾನಾಗಿ ಹರಿಯುತ್ತದೆ. ಮಳೆಗಾಲದಲ್ಲಿ ಮರ ಬಿದ್ದು ಎರಡು ದಿನ ಕರೆಂಟ್ ಹೋದರೆ ಏನು ನಿಲ್ಲುತ್ತದೆ, ಏನು ನಡೆಯುತ್ತದೆ ಅನ್ನುವುದನ್ನು ಇದೇ ಚಿತ್ರದಲ್ಲಿ ತೋರಿಸಬಹುದು. ಆ ಪ್ರಶ್ನೆ ಬಂದೇ ಬರುತ್ತದೆ. ಫಿಲ್ಟರ್ ತೊಳೆಯುವ ನೀರಿನ ಟ್ಯಾಂಕನ್ನು ಗುಡ್ಡದ ಮೇಲ್ಭಾಗದಲ್ಲಿ ಇಟ್ಟಿದ್ದರೆ, ಅದು ತುಂಬಿರುವ ತನಕ ತೊಳೆಯಲೂ ಕರೆಂಟ್ ಬೇಡ.

ಫಿಲ್ಟರ್ ಬಗ್ಗೆ ಒಂದು ಮಾತು. ಮರಳು ಅಂದರೆ ಜರಡಿ ಅಂತ ಎಲ್ಲರೂ ತಿಳಿದಿದ್ದಾರೆ. ಅರ್ಧ ಮಿಲಿಮೀಟರ್ ಗಾತ್ರದ ಮರಳು, 60ರಿಂದ 75 ಸೆಂಟಿಮೀಟರ್ ದಪ್ಪ. ಅದರ ಸಂದಿಗಳು ಹಿಡಿಯಬೇಕಾದ ಕೊಳೆಗಿಂತ ಎಷ್ಟೋ ದೊಡ್ಡವು. ಕೊಳೆ ಸಂದಿಯಲ್ಲಿ ಸಿಕ್ಕಿಹಾಕಿಕೊಳ್ಳುವುದಕ್ಕಿಂತ ಮರಳಿನ ಮೈಗೆ ಅಂಟಿಕೊಳ್ಳುವುದೇ ಜಾಸ್ತಿ. ಅದಕ್ಕೇ ಹಿಂದಿನ ಹಂತದಲ್ಲಿ ಆಲಂ ಕೈಕೊಟ್ಟರೆ ಫಿಲ್ಟರ್ ಒಂದೇ ಏನೂ ಮಾಡಲಾರದು. ಮತ್ತೆ ತೊಳೆಯುವ ದೃಶ್ಯ ಬಿಡಬೇಡಿ. ನೀರು ಕೆಳಗಿಂದ ಏಳು ಪಟ್ಟು ವೇಗದಲ್ಲಿ ಏರುತ್ತದೆ, ಮರಳು ಕುದಿಯುವ ಗಂಜಿಯ ಹಾಗೆ ಎದ್ದು ಉಬ್ಬುತ್ತದೆ, ಕೆಂಪು ಕೊಳೆ ತೊಟ್ಟಿಯ ಅಂಚು ದಾಟಿ ಹೋಗುತ್ತದೆ, ಹತ್ತು ನಿಮಿಷದಲ್ಲಿ ಕೆಲಸ ಮುಗಿಯುತ್ತದೆ. ಆ ಕೊಳೆನೀರು ಎಲ್ಲಿಗೆ ಹೋಗುತ್ತದೆ ಅನ್ನುವುದನ್ನೂ ತೋರಿಸಿ. ನಾನು ನೋಡಿದ ಅನಿಮೇಶನ್‌ಗಳಲ್ಲಿ ಆ ಪೈಪು ಪರದೆಯ ಅಂಚಿನಲ್ಲಿ ಮಾಯವಾಗುತ್ತದೆ. ಕೆಳಗಡೆ ತೋಟ ಇರುವವರು ಅದನ್ನೇ ಕೇಳುತ್ತಾರೆ.

ಕೊಡಗಿನಲ್ಲಿ ಇನ್ನೊಂದು ದೃಶ್ಯ ಕಡ್ಡಾಯ: ಬರೆ, ಅಂದರೆ ಗುಡ್ಡದ ಕಡಿದಾದ ಇಳಿಜಾರು. 2018ರ ಆಗಸ್ಟಿನ ಭೂಕುಸಿತ ಕಂಡವರ ಮುಂದೆ ಗುಡ್ಡ ಕಡಿದು ಸಮತಟ್ಟು ಮಾಡಿದ ಜಾಗವನ್ನು ಹಸಿರು ಹುಲ್ಲು ಹೊದಿಸಿ ತೋರಿಸಿದರೆ ಅವರಿಗೆ ಸಿಟ್ಟೇ ಬರುತ್ತದೆ. ಸರ್ವೆಯ ಮಟ್ಟಗಳಿಂದ ನಿಜವಾದ ಇಳಿಜಾರನ್ನು ಕಟ್ಟಿ, ಎತ್ತರವನ್ನು ಹಿಗ್ಗಿಸಬೇಡಿ, ತಗ್ಗಿಸಬೇಡಿ. ಮೊದಲಿದ್ದ ಗುಡ್ಡವನ್ನು ಗಾಜಿನ ಹಾಗೆ ತೆಳ್ಳಗೆ ಮೇಲೆ ಇಟ್ಟು, ಎಷ್ಟು ಮಣ್ಣು ತೆಗೆಯುತ್ತೀರಿ, ತಡೆಗೋಡೆ ಎಲ್ಲಿ, ಅದರಲ್ಲಿ ನೀರು ಹೊರಬರುವ ತೂತುಗಳೆಲ್ಲಿ, ಮೇಲಿಂದ ಬರುವ ಮಳೆನೀರಿಗೆ ಚರಂಡಿ ಎಲ್ಲಿ ಅಂತ ತೋರಿಸಿ. ಸೈಟ್ ಬದಲಿಸಿ ಅಂತ ಯಾರಾದರೂ ಹೇಳಿದರೆ ಹೇಳಲಿ. ಕಟ್ಟಿದ ಮೇಲೆ ಹೇಳುವುದಕ್ಕಿಂತ ಈಗ ಹೇಳುವುದು ವಾಸಿ.

ಮಳೆ ಇಲ್ಲದ ತಿಂಗಳುಗಳಿಗೂ ಹತ್ತು ಸೆಕೆಂಡು ಕೊಡಿ. ಡಿಸೆಂಬರ್ ಹೊತ್ತಿಗೆ ಅರೇಬಿಕಾ ಕಾಫಿ ಹಣ್ಣಿನ ಸಿಪ್ಪೆ ತೆಗೆಯುವ ಪಲ್ಪಿಂಗ್ ನಡೆಯುವಾಗ ಹೊಳೆಯಲ್ಲಿ ನೀರು ಇಳಿಯುತ್ತಾ ಇರುತ್ತದೆ, ಪಲ್ಪರ್ ನೀರು ಹುಳಿ, ನಾತ. ಅದರಲ್ಲಿ ಕರಗಿದ ಕೊಳೆಯನ್ನು ಆಲಂ ಮತ್ತು ಮರಳು ಪೂರ್ತಿ ತೆಗೆಯಲಾರವು. ಘಟಕ ಬಂದರೆ ಎಲ್ಲ ಸರಿಹೋಗುತ್ತದೆ ಅನ್ನುವ ಭ್ರಮೆ ಅನಿಮೇಶನ್‌ನಿಂದ ಹುಟ್ಟಬಾರದು.

ಕ್ಲೋರಿನ್ ಭಾಗ ಸುಲಭ. ಘಟಕದಿಂದ ಹೊರಟ ಪೈಪಿನಲ್ಲಿ ಒಂದು ಬಣ್ಣ ಹರಿಸಿ, ದೂರ ಹೋದ ಹಾಗೆ ತಿಳಿಯಾಗುತ್ತಾ ಹೋಗಲಿ. ತೋಟದ ಕಾರ್ಮಿಕರ ಕೊನೆಯ ಲೈನ್ ಮನೆಯ ನಲ್ಲಿಯಲ್ಲೂ ಲೀಟರಿಗೆ 0.2 ಮಿಲಿಗ್ರಾಂ ಉಳಿದಿರಬೇಕು. ನಲ್ಲಿ ನೀರಿನಲ್ಲಿ ಸ್ವಲ್ಪ ವಾಸನೆ ಯಾಕೆ ಬರುತ್ತದೆ ಅನ್ನುವ ದೂರಿಗೂ ಉತ್ತರ ಸಿಕ್ಕಿತು.

ನೀವೇ ಮಾಡಬಹುದಾ ಅಂತ ಕೇಳಿದ್ದೀರಿ. ಮಾಡಬಹುದು, ಎರಡು ತಿಂಗಳು ಸಂಜೆ ಕೂರುವ ತಾಳ್ಮೆ ಇದ್ದರೆ. 3ಡಿ ಅನಿಮೇಶನ್ ಮಾಡುವ ಬ್ಲೆಂಡರ್ ಅನ್ನುವ ಸಾಫ್ಟ್‌ವೇರ್ ಉಚಿತ, 2002ರಿಂದ ಅದರ ಮೂಲ ಕೋಡ್ ಕೂಡ ಎಲ್ಲರಿಗೂ ಮುಕ್ತ. ನಿಮ್ಮ ಆಟೋಕ್ಯಾಡ್ ನಕ್ಷೆಯನ್ನು ಡಿಎಕ್ಸ್‌ಎಫ್ ಫೈಲಾಗಿ ಅದಕ್ಕೆ ತರಬಹುದು. ತರುವ ಮುಂಚೆ ಅಳತೆ, ಬರಹ, ಹ್ಯಾಚ್ ಎಲ್ಲ ತೆಗೆದು ಬರೀ ಗೋಡೆಯ ಗೆರೆ ಉಳಿಸಿ. ಘಟಕದ ಅಳತೆ ಮೀಟರಿನಲ್ಲೇ ಇರಲಿ. ನೀರಿನ ಮಟ್ಟಗಳನ್ನು ಹೈಡ್ರಾಲಿಕ್ ಪ್ರೊಫೈಲ್ ಹಾಳೆಯಿಂದ ನೋಡಿಯೇ ಹಾಕಿ, ಕಣ್ಣಂದಾಜು ಬೇಡ. ನೀರು ಹರಿಯುವುದನ್ನು ತೋರಿಸಲು ಫ್ಲೂಯಿಡ್ ಸಿಮ್ಯುಲೇಶನ್, ಅಂದರೆ ಹರಿವನ್ನೆಲ್ಲ ಕಂಪ್ಯೂಟರಿನಿಂದಲೇ ಲೆಕ್ಕ ಹಾಕಿಸುವುದು, ಮಾಡಲು ಹೋಗಬೇಡಿ, ಕಂಪ್ಯೂಟರ್ ಉಸಿರುಗಟ್ಟುತ್ತದೆ. ನೀರಿನ ದಾರಿಯುದ್ದಕ್ಕೆ ಒಂದು ಗೆರೆ ಎಳೆದು, ಅದರ ಮೇಲೆ ಚಿಕ್ಕ ಬಾಣಗಳನ್ನು ಓಡಿಸಿ. ಅಷ್ಟೇ ಸಾಕು, ಹಾಗೆ ನೋಡಿದರೆ ಅದೇ ಚೆನ್ನಾಗಿ ಅರ್ಥವಾಗುತ್ತದೆ.

ಸೆಕೆಂಡಿಗೆ 25 ಫ್ರೇಮ್‌ನಂತೆ 3 ನಿಮಿಷಕ್ಕೆ 4,500 ಚಿತ್ರಗಳು. ಒಂದೊಂದನ್ನು ರೆಂಡರ್ ಮಾಡಲು, ಅಂದರೆ ಕಂಪ್ಯೂಟರ್ ಮಾದರಿಯಿಂದ ಚಿತ್ರ ಬಿಡಿಸಲು, ಒಂದು ನಿಮಿಷ ಹಿಡಿದರೂ 75 ಗಂಟೆ. ಮೂರು ದಿನ ಕರೆಂಟ್ ಹೋಗದೆ ಇರುವುದುಂಟಾ ನಮ್ಮಲ್ಲಿ? ಅದಕ್ಕೆ ಯಾವತ್ತೂ ನೇರ ವಿಡಿಯೋ ಫೈಲಾಗಿ ರೆಂಡರ್ ಮಾಡಬೇಡಿ. ಬಿಡಿ ಬಿಡಿ ಚಿತ್ರಗಳಾಗಿ ಪಿಎನ್‌ಜಿಯಲ್ಲಿ ಉಳಿಸಿ, ಕೊನೆಗೆ ಜೋಡಿಸಿ. 3,200ನೇ ಚಿತ್ರ ಮುಗಿದ ಮೇಲೆ ಕರೆಂಟ್ ಹೋದರೆ 3,201ರಿಂದ ಮತ್ತೆ ಶುರು ಮಾಡಬಹುದು. ಬ್ಲೆಂಡರ್‌ನಲ್ಲೇ ಇರುವ ಈವೀ ಎಂಜಿನ್ ಬಳಸಿದರೆ ಇನ್ನೂ ಬೇಗ ಆಗುತ್ತದೆ. ಫೋಟೋದಷ್ಟು ನಯ ಇರುವುದಿಲ್ಲ, ಬೇಕಾಗೂ ಇಲ್ಲ.

ಒಂದು ಎಚ್ಚರಿಕೆ ಮಾತ್ರ ಗಟ್ಟಿಯಾಗಿ ಹೇಳುತ್ತೇನೆ. ಅನಿಮೇಶನ್ ಲೆಕ್ಕ ಅಲ್ಲ. ಪರದೆ ಮೇಲೆ ಬಾಣಗಳು ಟ್ಯಾಂಕ್ ತುಂಬ ಸಮವಾಗಿ ಹರಿದವು ಅಂದ ಮಾತ್ರಕ್ಕೆ ನೀರು ಹಾಗೆ ಹರಿಯುವುದಿಲ್ಲ. ಒಳಬಂದ ನೀರು ಅಡ್ಡದಾರಿ ಹಿಡಿದು ನೇರ ಹೊರಬಾಗಿಲಿಗೆ ಹೋಗುವುದು ಟ್ಯಾಂಕುಗಳ ಹಳೆ ಚಾಳಿ. ಅಡ್ಡಗೋಡೆ ಎಲ್ಲಿ ಇಡಬೇಕು ಅನ್ನುವುದನ್ನು ಲೆಕ್ಕ ಹೇಳಬೇಕು. ನೀವು ಓಡಿಸಿದ ಬಾಣ ನೀವು ಹೇಳಿದ ಕಡೆಗೇ ಹೋಗುತ್ತದೆ.

ಮೊದಲ ಪ್ರದರ್ಶನ ಗ್ರಾಮಸಭೆಯಲ್ಲಿ ಇಡಬೇಡಿ. ಘಟಕ ನಡೆಸುವ ಆಪರೇಟರ್, ಊರಿನ ನೀರುಗಂಟಿ, ಇಬ್ಬರನ್ನು ಕೂರಿಸಿಕೊಂಡು ನಿಧಾನಕ್ಕೆ ತೋರಿಸಿ. ನನ್ನ ಒಂದು ಕೆಲಸದಲ್ಲಿ ಹೀಗೆ ತೋರಿಸುವಾಗ ಆಪರೇಟರ್ ‘ಅಲ್ಲೇ ನಿಲ್ಲಿಸಿ ಸಾರ್’ ಅಂದ. ಆಲಂ ಕರಗಿಸುವ ತೊಟ್ಟಿ ಮೇಲಂತಸ್ತಿನಲ್ಲಿತ್ತು, ಹೋಗಲು ಕಿರಿದಾದ ಸುತ್ತುಮೆಟ್ಟಿಲು. ‘ಐವತ್ತು ಕೆಜಿ ಮೂಟೆ ಹೊತ್ತು ಇದನ್ನು ಹತ್ತುವುದು ಯಾರು?’ ಲೀಟರಿಗೆ 40 ಮಿಲಿಗ್ರಾಂನಂತೆ 1 ಎಂಎಲ್‌ಡಿಗೆ ದಿನಕ್ಕೆ 40 ಕೆಜಿ ಆಲಂ ಬೇಕು, ಹೆಚ್ಚುಕಮ್ಮಿ ದಿನಕ್ಕೊಂದು ಮೂಟೆ. ಕಾಗದದ ಮೇಲೆ ಆ ಮೆಟ್ಟಿಲು ನಮ್ಮಲ್ಲಿ ನಾಲ್ಕು ಜನ ನೋಡಿ ಸಹಿ ಹಾಕಿದ್ದೆವು. ಆಮೇಲೆ ಅಲ್ಲೊಂದು ರಾಟೆ ಹಾಕಿಸಿದೆವು. ವಾಲ್ವಿನ ಚಕ್ರ ಕೈಗೆ ಎಟಕುತ್ತದಾ, ರಾತ್ರಿ ಲೈಟ್ ಎಲ್ಲಿ, ಮಳೆಯಲ್ಲಿ ಕಾಲು ಜಾರುತ್ತದಾ, ಇಂಥದ್ದೆಲ್ಲ ಅವರ ಬಾಯಲ್ಲೇ ಬರುತ್ತದೆ. ಅನಿಮೇಶನ್‌ಗೆ ಖರ್ಚು ಮಾಡಿದ್ದು ಇಲ್ಲೇ ವಸೂಲಾಗುತ್ತದೆ.

ಧ್ವನಿ ಕನ್ನಡದಲ್ಲಿರಲಿ, ಕೊಡವ ತಕ್ಕ್, ಅಂದರೆ ಕೊಡವ ಭಾಷೆಯಲ್ಲಿ ಇನ್ನೊಂದು ಮಾಡಿ. ಧ್ವನಿಯನ್ನು ಬೇರೆ ಫೈಲಾಗಿ ಇಟ್ಟುಕೊಂಡರೆ ಅರೆಭಾಷೆಯಲ್ಲೂ ಸೇರಿಸುವುದು ಕಷ್ಟವಲ್ಲ. ಓದುವವರು ಊರಿನವರೇ ಆಗಿರಲಿ, ಜಾಹೀರಾತಿನ ದನಿ ಬೇಡ. ಮತ್ತೆ, ಹೇಳಿದ್ದನ್ನೆಲ್ಲ ದೊಡ್ಡ ಅಕ್ಷರದಲ್ಲಿ ಪರದೆ ಮೇಲೂ ಹಾಕಿ. ನೀವು ಸಭೆ ಇಡುವುದು ಮಳೆಗಾಲದಲ್ಲಾದರೆ, ಶೀಟಿನ ಮಾಡಿನ ಕೆಳಗೆ ಸ್ಪೀಕರ್ ಎಷ್ಟು ಜೋರಿದ್ದರೂ ಕೇಳಿಸುವುದಿಲ್ಲ.